ಪಾರಾದದ್ದೂ ಒಂದು ಪಾಠ

ಕಾಫಿ ಮತ್ತು ಅಡಿಕೆ ಬೆಳೆಗಾರರ ಈ ಪತ್ರಿಕೆಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಬ್ಬಿನ ಗಾಡಿಗಳ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಬೆಳೆ ಬೇರೆ, ಮಣ್ಣು ಬೇರೆ, ಮಳೆ ಬೇರೆ ಎಂಬುದು ನಿಜ. ಆದರೆ ಕಿರಿದಾದ ರಸ್ತೆ, ಟ್ರ್ಯಾಕ್ಟರು, ಪಿಕಪ್ ಗಾಡಿ, ಅದನ್ನು ಹತ್ತಿ ನಿಲ್ಲುವ ಕೂಲಿಯಾಳು, ಈ ನಾಲ್ಕು ಮಾತ್ರ ಎರಡು ಕಡೆಯೂ ಒಂದೇ. ಅಲ್ಲಿ ಕಾರ್ಖಾನೆಗಳು ಕಬ್ಬು ಅರೆಯುವ ಚಳಿಗಾಲದ ತಿಂಗಳುಗಳೇ ನಮ್ಮಲ್ಲಿ ಅಡಿಕೆ ಕೊನೆ ಇಳಿಸುವ, ಕಾಫಿ ಹಣ್ಣು ಕೊಯ್ಯುವ ತಿಂಗಳುಗಳು. ಅವಸರ ಹೆಚ್ಚಿರುವ ಕಾಲದಲ್ಲಿಯೇ ಗಾಡಿ, ಚಾಲಕ, ರಸ್ತೆ ಮೂರರ ಮೇಲೂ ಭಾರ ಹೆಚ್ಚುತ್ತದೆ.

ಘಟಪ್ರಭಾ ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ನೀರು ಹರಿದಲ್ಲೆಲ್ಲ ಕಬ್ಬು ಹಬ್ಬಿದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂತಹ ಕಾರ್ಖಾನೆಗಳತ್ತ ಹಂಗಾಮಿನಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರುಗಳು ಸಾಗುತ್ತವೆ. ಒಂದೊಂದರ ಹಿಂದೆ ಎರಡೆರಡು ಟ್ರೇಲರು, ಅವುಗಳ ಅಂಚು ಮೀರಿ ಎರಡು ಪಕ್ಕಕ್ಕೂ ಚಾಚಿದ ಕಬ್ಬು. ಸಂಕೇಶ್ವರದ ಬಳಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವೇಗದ ಕಾರು, ಬಸ್ಸುಗಳ ನಡುವೆಯೇ ಈ ಗಾಡಿಗಳು ನಿಧಾನವಾಗಿ ತೆವಳಬೇಕು. ಹಿಂಬದಿಯಲ್ಲಿ ದೀಪವಾಗಲಿ, ಬೆಳಕಿಗೆ ಹೊಳೆಯುವ ಪಟ್ಟಿಯಾಗಲಿ ಇಲ್ಲದಿದ್ದರೆ, ಕತ್ತಲಲ್ಲಿ ಬರುವ ಬೈಕಿನವನಿಗೆ ಕಬ್ಬಿನ ರಾಶಿ ಕಾಣುವುದು ಹತ್ತಿರ ಬಂದ ಮೇಲೆಯೇ.

ಮೂರು ಅಪಘಾತಗಳು

2022ರ ಜೂನ್ 26ರಂದು ಗೋಕಾಕ ತಾಲೂಕಿನ ಅಕ್ಕತಂಗೇರಹಾಳದಿಂದ ಬೆಳಗಾವಿಯ ಕಡೆಗೆ ಕೂಲಿ ಕೆಲಸಕ್ಕೆ ಹೊರಟ ಕಾರ್ಮಿಕರ ವಾಹನ ಕಣಬರ್ಗಿ ಸಮೀಪ ಬಳ್ಳಾರಿ ನಾಲೆಗೆ ಉರುಳಿತು. ಏಳು ಮಂದಿ ತೀರಿಕೊಂಡರು. 2023ರ ಜನವರಿಯಲ್ಲಿ ಅದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಚುಂಚನೂರಿನ ಬಳಿ, ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೊರಟವರಿದ್ದ ಸರಕು ವಾಹನ ಮರಕ್ಕೆ ಬಡಿದು ಆರು ಮಂದಿ ಸತ್ತರು. ಇವು ಬಯಲುಸೀಮೆಯ ಮಾತಾಯಿತು ಎನ್ನುವಂತಿಲ್ಲ. 2025ರ ಜನವರಿ 22ರಂದು ನಮ್ಮ ಅಡಿಕೆ ಸೀಮೆಯಾದ ಯಲ್ಲಾಪುರದ ಘಟ್ಟದ ದಾರಿಯಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಮತ್ತು ವ್ಯಾಪಾರಿಗಳನ್ನು ಒಟ್ಟಿಗೆ ಹೊತ್ತು ಬರುತ್ತಿದ್ದ ಲಾರಿ ಕಂದಕಕ್ಕೆ ಬಿದ್ದು ಕನಿಷ್ಠ ಹತ್ತು ಜನ ಪ್ರಾಣ ಬಿಟ್ಟರು.

ಈ ಮೂರರಲ್ಲಿಯೂ ಹೋದವರು ದುಡಿದು ತಿನ್ನುವವರು ಅಥವಾ ದೇವರ ದರ್ಶನಕ್ಕೆ ಹೊರಟವರು. ಎಷ್ಟೋ ಗಾಡಿಗಳು ಇದೇ ರೀತಿ ಜನರನ್ನು ತುಂಬಿಕೊಂಡು ದಿನವೂ ಓಡಾಡುತ್ತವೆ, ಸುರಕ್ಷಿತವಾಗಿ ಮನೆಗೂ ಬರುತ್ತವೆ. ಆಗಾಗ ಚಕ್ರ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಗಾಡಿ ದರೆಗೆ ಒರಗಿ ನಿಲ್ಲುತ್ತದೆ. ಎಲ್ಲರೂ ಇಳಿದು, 'ದೇವರು ದೊಡ್ಡವನು' ಎಂದು ಕೈಮುಗಿದು, ಮತ್ತೆ ಅದೇ ಗಾಡಿ ಹತ್ತುತ್ತಾರೆ. ನಾನು ಹೇಳಬಯಸುವುದು ಇಷ್ಟೇ: ಪಾರಾದ ಗಾಡಿಗೂ ಬಿದ್ದ ಗಾಡಿಗೂ ಕಾರಣ ಒಂದೇ, ಫಲ ಮಾತ್ರ ಬೇರೆ. ಕೈಮುಗಿಯುವುದು ಸರಿ. ಆದರೆ ಕಾರಣವನ್ನು ಹುಡುಕಿ ತೆಗೆಯದಿದ್ದರೆ ಅದು ಗಾಡಿಯಲ್ಲಿಯೇ ಉಳಿದಿರುತ್ತದೆ.

ಗಾಡಿ ಮಗುಚುವುದು ಹೇಗೆ?

ಮೊದಲನೆಯದು ಭಾರದ ಎತ್ತರ. ಅಡಿಕೆ ಅಥವಾ ಕಾಫಿ ಮೂಟೆಗಳನ್ನು ಪಿಕಪ್ಪಿನ ತಳದಲ್ಲಿ ಜೋಡಿಸಿದರೆ ಭಾರ ಕೆಳಗೆ ನಿಲ್ಲುತ್ತದೆ. ಇಪ್ಪತ್ತು ಆಳುಗಳು ನಿಂತರೆ, ತಲಾ 55 ಕಿಲೋ ಎಂದರೂ 1,100 ಕಿಲೋ ಆಯಿತು, ಅದರಲ್ಲಿ ಬಹುಪಾಲು ಗಾಡಿಯ ಪಕ್ಕದ ಹಲಗೆಗಿಂತ ಮೇಲೆ. ತಿರುವಿನಲ್ಲಿ ಇಪ್ಪತ್ತು ಜನವೂ ಒಂದೇ ಕಡೆಗೆ ವಾಲುತ್ತಾರೆ. ಮೂಟೆಯನ್ನು ಹಗ್ಗದಿಂದ ಬಿಗಿಯಬಹುದು, ಮನುಷ್ಯರನ್ನು ಬಿಗಿಯಲಾಗದು.

ಎರಡನೆಯದು ವೇಗ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 10 ಮೀಟರ್, ಅಂದರೆ 33 ಅಡಿ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಹೋಗುವ ಹೊತ್ತಿಗೇ ಅಷ್ಟು ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು.

ಮೂರನೆಯದು ಟ್ರ್ಯಾಕ್ಟರಿನ ಸ್ವಭಾವ. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಅದರ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲು ಇರುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಜೋಡಿಸದೆ ವೇಗದಲ್ಲಿ ಒಂದನ್ನೇ ತುಳಿದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರು ತಿರುಗಿ ಮಗುಚುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತದೆ.

ಮರದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಹಿಂದಿನ ಆಕ್ಸಲ್ಲಿಗೋ ಅದಕ್ಕಿಂತ ಮೇಲಕ್ಕೋ ಕಟ್ಟಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಬೀಳಲು ಸುಮಾರು ಒಂದೂವರೆ ಸೆಕೆಂಡು ಸಾಕು. ಚಾಲಕ ಜಿಗಿಯುತ್ತೇನೆ ಎಂದುಕೊಳ್ಳುವುದು ಭ್ರಮೆ. ಸರಪಳಿ ಕಟ್ಟುವುದು ಕೆಳಗಿನ ಡ್ರಾಬಾರಿಗೆ ಮಾತ್ರ.

ನಮ್ಮ ಸದಸ್ಯರಲ್ಲಿ ಹಲವರ ಬಳಿ ಪವರ್ ಟಿಲ್ಲರ್ ಇದೆ. ಸಮನೆಲದಲ್ಲಿ ಎಡಗೈ ಕ್ಲಚ್ ಹಿಡಿದರೆ ಅದು ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಡಗೈ ಕ್ಲಚ್ ಹಿಡಿದರೆ ಎಡ ಚಕ್ರವೇ ಬಿಡುಗಡೆಯಾಗಿ ವೇಗವಾಗಿ ಉರುಳಿ, ಯಂತ್ರ ಬಲಕ್ಕೆ ಹೋಗುತ್ತದೆ. ಇದನ್ನು ತಿಳಿಯದ ಹೊಸ ಆಳಿನ ಕೈಗೆ ಟಿಲ್ಲರ್ ಕೊಟ್ಟು ತೋಟದ ಇಳಿಜಾರಿಗೆ ಕಳಿಸಬಾರದು.

ವಿಮೆಯ ವಿಷಯ

'ಗಾಡಿಗೆ ವಿಮೆ ಇದೆಯಲ್ಲ' ಎಂಬ ಧೈರ್ಯ ಅನೇಕರಿಗಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ವಿನಂತಿ. 1988ರ ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ, ಸರಕು ವಾಹನದಲ್ಲಿ ತನ್ನ ಸರಕಿನ ಜೊತೆ ಹೋಗುವ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ರಕ್ಷಣೆ ದೊರೆಯಿತು. ಆದರೆ ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸಿದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ, ಆಶಾರಾಣಿ ಪ್ರಕರಣದಲ್ಲಿ ತೀರ್ಪಿತ್ತಿತು. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯ 'ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಲಿ' ಎನ್ನುವುದೂ ಉಂಟು. ಆಗಲೂ ಕೊನೆಗೆ ಹಣ ಕಟ್ಟಬೇಕಾದವನು ಮಾಲೀಕನೇ.

ಎರಡು ಮೂರು ಎಕರೆ ತೋಟದವನ ಪಾಲಿಗೆ ಇದರ ಅರ್ಥವೇನು? ಸತ್ತ ಆಳಿನ ಮನೆಯವರಿಗೆ ಪರಿಹಾರ ಬೇಗ ಸಿಗುವುದಿಲ್ಲ, ಇವನ ತೋಟವೂ ಉಳಿಯುವುದು ಕಷ್ಟ. ಗಾಡಿಯಲ್ಲಿ ಲೋಡು ಏರಿಸಿ ಇಳಿಸುವ ಹಮಾಲರಿಗೆ ವಿಮೆ ಬೇಕಾದರೆ ಪಾಲಿಸಿಯಲ್ಲಿ ಅವರ ಸಂಖ್ಯೆ ಸೇರಿದೆಯೇ, ಅದಕ್ಕೆ ಪ್ರೀಮಿಯಂ ಕಟ್ಟಿದೆಯೇ ನೋಡಿಕೊಳ್ಳಿ. ಟ್ರೇಲರು ಪಾಲಿಸಿಯಲ್ಲಿ ಬಂದಿದೆಯೇ ಎಂದೂ ನೋಡಿ. ಟ್ರ್ಯಾಕ್ಟರಿನಲ್ಲಿ ಆಸನ ಇರುವುದು ಚಾಲಕನೊಬ್ಬನಿಗೆ. ಮಡ್‌ಗಾರ್ಡ್ ಮೇಲೆ ಕೂತವನು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ.

ಮಾಡಬೇಕಾದದ್ದು

1. ಆಳುಗಳಿಗೆ ಆಸನವಿರುವ ಪ್ರಯಾಣಿಕರ ವಾಹನವನ್ನೇ ಗೊತ್ತುಮಾಡಿ, ಆಸನಕ್ಕಿಂತ ಹೆಚ್ಚು ಜನರನ್ನು ಹತ್ತಿಸಬೇಡಿ. ಒಬ್ಬನಿಗೆ ಬಾಡಿಗೆ ಭಾರವಾದರೆ ಒಂದೇ ದಾರಿಯ ಐದಾರು ಬೆಳೆಗಾರರು ಸೇರಿ ಹಂಗಾಮಿಗೆ ಗೊತ್ತು ಮಾಡಬಹುದು.

2. ಟ್ರೇಲರಿನ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಹೊಳೆಯುವ ಪಟ್ಟಿ ಅಂಟಿಸಿ. ಮಣ್ಣು ಮೆತ್ತಿದ ಪಟ್ಟಿ ಹೊಳೆಯದು, ಸಂಜೆ ಒಮ್ಮೆ ಒರೆಸಿ. ಕೆಟ್ಟು ನಿಂತ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ.

3. ಯಾವ ಗೇರಿನಲ್ಲಿ ಏರು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವ ಅಭ್ಯಾಸ ಚಾಲಕನಿಗಿದ್ದರೆ ಬಿಡಿಸಿ.

4. ಹೊಸ ಟ್ರ್ಯಾಕ್ಟರು ಕೊಳ್ಳುವಾಗ ಮಗುಚಿದರೆ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು ಮತ್ತು ಸೀಟ್ ಬೆಲ್ಟ್ ಇರುವುದನ್ನು ಕೇಳಿ. ಕಮಾನು ಇದ್ದು ಬೆಲ್ಟ್ ಕಟ್ಟದಿದ್ದರೆ ಅದರ ಪ್ರಯೋಜನ ಕಡಿಮೆಯಾಗುತ್ತದೆ.

5. ಅಪಘಾತ ಕಂಡರೆ 108 ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದವರನ್ನು ಕಾಡದಂತೆ 2019ರ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಸಂಘ ಏನು ಮಾಡಬಹುದು?

ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಹಳ್ಳಿಗೆ ವಿದ್ಯುತ್ ಹಂಚುವ ದೊಡ್ಡ ಕೆಲಸವನ್ನು ತಾನೇ ವಹಿಸಿಕೊಂಡಿತು. ಅಲ್ಲಿಯ ರೈತರು ಕೂಡಿ ವಿದ್ಯುತ್ತನ್ನೇ ಹಂಚಬಲ್ಲರಾದರೆ ನಾವು ಕೂಡಿ ಆಳುಗಳಿಗೊಂದು ವಾಹನ ಓಡಿಸಲಾರೆವೇ? ಸಗಟಾಗಿ ಹೊಳೆಯುವ ಪಟ್ಟಿ ತರಿಸಿ ಸದಸ್ಯರಿಗೆ ಅಸಲು ಬೆಲೆಗೆ ಕೊಡಲಾರೆವೇ? ಈ ಎರಡನ್ನೂ ಮುಂದಿನ ಆಡಳಿತ ಮಂಡಳಿಯ ಸಭೆಯ ಮುಂದೆ ಇಡುತ್ತೇನೆ.

ಅದಕ್ಕಿಂತ ಮೊದಲೇ ಆಗುವ, ಖರ್ಚಿಲ್ಲದ ಕೆಲಸ ಒಂದಿದೆ. ಸಂಘದ ಕಚೇರಿಯಲ್ಲಿ, ತೂಕದ ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕ ಇಡಲಾಗುವುದು. ಸಾವು ನೋವಿನ ದಾಖಲೆಗೆ ಪೊಲೀಸ್ ಠಾಣೆ ಇದೆ. ಈ ಪುಸ್ತಕ ಪಾರಾದವುಗಳಿಗೆ. ದಿನ, ಜಾಗ, ಎಂತಹ ಗಾಡಿ, ಏನಾಯಿತು, ಏಕಾಯಿತು ಎಂದು ಐದು ಸಾಲು ಬರೆದರೆ ಸಾಕು. ಹೆಸರು ಬೇಡ, ಗಾಡಿ ನಂಬರ್ ಬೇಡ, ಯಾರೂ ಯಾರನ್ನೂ ದೂರುವುದು ಬೇಡ. ಬರೆಯಲು ಬಾರದ ಚಾಲಕರು ಹೇಳಿದರೆ ಗುಮಾಸ್ತರು ಬರೆದುಕೊಳ್ಳುತ್ತಾರೆ. ಒಂದೇ ತಿರುವಿನ ಹೆಸರು ಮೂರು ಸಲ ಬಂದರೆ ಅಲ್ಲಿ ತಡೆಗೋಡೆ ಬೇಕೆಂದು ಪಂಚಾಯತಿಗೆ ಅರ್ಜಿ ಕೊಡಲು ನಮ್ಮ ಕೈಯಲ್ಲಿ ಆಧಾರವಿರುತ್ತದೆ. ಬ್ರೇಕಿನ ಮಾತೇ ಮತ್ತೆ ಮತ್ತೆ ಬಂದರೆ, ಕೊಯ್ಲಿಗೆ ಮುನ್ನ ಮೆಕ್ಯಾನಿಕ್ಕನ್ನು ಕರೆಸಿ ಎಲ್ಲರ ಗಾಡಿ ನೋಡಿಸಬಹುದು.

ಕೊಯ್ಲು ಹತ್ತಿರ ಬಂತು. ಸಂಘಕ್ಕೆ ಮಾಲು ತಂದಾಗ ಸದಸ್ಯರೂ ಅವರ ಚಾಲಕರೂ ಆ ಪುಸ್ತಕವನ್ನು ತೆರೆದು ನೋಡಬೇಕೆಂದು, ಬರೆಯುವುದಿದ್ದರೆ ಸಂಕೋಚವಿಲ್ಲದೆ ಬರೆಯಬೇಕೆಂದು ಕೋರುತ್ತೇನೆ.