ಬೋರರ್ ಹುಳುವೂ ಕೀಟ ನೋಡುವ ಉದ್ಯೋಗವೂ



ಫಲಕ್ಕೆ ಬಂದ ಅರಾಬಿಕಾ ಗಿಡವನ್ನು ಬೋರರ್ ಹಿಡಿದಿದೆಯೆಂದು ಕೈಯಾರೆ ಕಿತ್ತು ಸುಟ್ಟವರಿಗೆ ಆ ಸಂಕಟ ಗೊತ್ತು. ಹೋದ ಸೆಪ್ಟೆಂಬರಿನಲ್ಲಿ ನನ್ನ ತೋಟದಲ್ಲಿ ಹನ್ನೊಂದು ಗಿಡ ಹೋದವು. ಹತ್ತು ವರ್ಷದಲ್ಲಿ ಒಟ್ಟು ಎಷ್ಟು ಹೋದವು ಎಂದು ಕೇಳಿದರೆ ನನ್ನಲ್ಲಿ ಲೆಕ್ಕವಿಲ್ಲ. ಸಂಘದ ಲೆಕ್ಕ ಬರೆಯುವವನಿಗೇ ಹೀಗೆ!

1867ರಲ್ಲಿ ಮೈಸೂರು, ಕೊಡಗು ಸೀಮೆಯ ತೋಟಗಳನ್ನು ಈ ಹುಳು ಹಾಳುಮಾಡುತ್ತಿದ್ದಾಗ ವಿಚಾರಣೆಗೆ ಮದರಾಸು ಸರ್ಕಾರ ಕಳುಹಿಸಿದ್ದು ಜಾರ್ಜ್ ಬಿಡೀ ಎಂಬ ವೈದ್ಯರನ್ನು. ಮನುಷ್ಯರ ನಾಡಿ ಹಿಡಿಯುವವರು ಕಾಫಿ ಗಿಡದ ನಾಡಿ ಹಿಡಿಯಲು ಬಂದರು. ನಗುವಂತಿಲ್ಲ, 1869ರ ಅವರ ವರದಿ ತೂಕದ್ದು. ತೋಟದಲ್ಲಿ ನೆರಳಿನ ಮರ ಬೆಳೆಸಿ ಎಂದು ಅಂದೇ ಹೇಳಿದರು. ಆದರೆ ಮುಂದೆ ಅವರು ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥರಾದರು. ಹುಳು ಮಾತ್ರ ತೋಟದಲ್ಲೇ ಉಳಿಯಿತು.

ಅಮೆರಿಕದಲ್ಲಿಯೂ ಆರಂಭ ಹೀಗೆಯೇ. 1854ರಲ್ಲಿ ನ್ಯೂಯಾರ್ಕ್ ರಾಜ್ಯವು ಬೆಳೆಯ ಕೀಟಗಳನ್ನು ಅಭ್ಯಾಸ ಮಾಡಲು ನೇಮಿಸಿದ ಏಸಾ ಫಿಚ್, ವೈದ್ಯವೃತ್ತಿ ಬಿಟ್ಟು ಬೇಸಾಯ ಹಿಡಿದವರು. 1868ರಲ್ಲಿ ಮಿಸೌರಿ ರಾಜ್ಯ ನೇಮಿಸಿದ ಚಾರ್ಲ್ಸ್ ರೈಲಿ, ಕೃಷಿ ಪತ್ರಿಕೆಗೆ ಬರೆಯುತ್ತ, ಚಿತ್ರ ತೆಗೆಯುತ್ತ ಇದ್ದವರು. ವ್ಯತ್ಯಾಸವೆಂದರೆ ಇವರದು ಬಂದುಹೋಗುವ ವಿಚಾರಣೆಯಲ್ಲ, ಸಂಬಳದ ಹುದ್ದೆ. ರೈಲಿ ಅಲ್ಲೇ ಕೂತು ವರ್ಷಕ್ಕೊಂದರಂತೆ ಒಂಬತ್ತು ವರದಿ ಬರೆದರು. ಅಷ್ಟರಲ್ಲಿ ಮಿಡತೆಯ ಹಿಂಡು ಪಶ್ಚಿಮದ ಪೈರನ್ನು ಮುಕ್ಕಿತು. 1877ರಲ್ಲಿ ಕೇಂದ್ರ ಸರ್ಕಾರ ಕೀಟ ಆಯೋಗ ರಚಿಸಿ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿತು. 1887ರ ಹ್ಯಾಚ್ ಕಾಯಿದೆಯಿಂದ ರಾಜ್ಯಗಳ ಪ್ರಯೋಗ ಕೇಂದ್ರಗಳಿಗೆ ಹಣ ಬಂದಮೇಲೆ, ಹವ್ಯಾಸವಾಗಿದ್ದ ಕೀಟಶಾಸ್ತ್ರ ಹೊಟ್ಟೆಪಾಡಿನ ಉದ್ಯೋಗವೂ ಆಯಿತು.

ಮೈಸೂರು ಸಂಸ್ಥಾನಕ್ಕೆ ಅಂಥ ಹುದ್ದೆ ಬಂದದ್ದು 1908ರಲ್ಲಿ. ಕೆನಡಾದ ಲೆಸ್ಲಿ ಕೋಲ್ಮನ್ ಬಂದರು; ಬೂಷ್ಟು, ಕೀಟ ಎರಡಕ್ಕೂ ಅವರೊಬ್ಬರೇ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು ಅವರೇ. ಅವರ ಜೊತೆಗಿದ್ದ ಕುಂಞಿ ಕಣ್ಣನ್ ಸಂಸ್ಥಾನದ ಮೊದಲ ಭಾರತೀಯ ಕೀಟಶಾಸ್ತ್ರಜ್ಞರು. ಕಾಫಿಯ ಶಲ್ಕಕೀಟಗಳ ಮೇಲೆ ಇಬ್ಬರೂ ಸೇರಿ 1918ರಲ್ಲಿ ಪುಸ್ತಿಕೆ ತಂದರು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರದು.

ಇನ್ನು ನಮ್ಮ ಪಾಲು. ಬೋರರ್ ದುಂಬಿ ಹಾರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅದಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಕಾಂಡದ ಮೇಲೆ ಉಬ್ಬಿದ ಗೆರೆ ಹುಡುಕಿ. ಕಿತ್ತ ಗಿಡವನ್ನು ಸೌದೆಗೆಂದು ಒಟ್ಟಿಡಬೇಡಿ, ದುಂಬಿ ಅದರೊಳಗಿಂದಲೇ ಹೊರಬರುತ್ತದೆ, ಕೂಡಲೇ ಸುಡಿ. ದೊಡ್ಡಗದ್ದವಳ್ಳಿ ಸುತ್ತಿನ ಸದಸ್ಯರು ಎಷ್ಟು ಗಿಡ ಕಿತ್ತರು, ಯಾವ ತಿಂಗಳು, ಅಲ್ಲಿ ನೆರಳು ಹೇಗಿತ್ತು ಎಂದು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ಮುಟ್ಟಿಸಿ. ಮೊದಲ ಚೀಟಿ ನನ್ನದೇ, ಹನ್ನೊಂದು ಗಿಡದ್ದು.

— ಕಾರ್ಯದರ್ಶಿ