ತಾತ್ಕಾಲಿಕ ಫೋಲ್ಡರಿನಲ್ಲಿ ಕಳೆದುಹೋದ ಮಳೆ

ಕಳೆದ ಮಳೆಗಾಲದಲ್ಲಿ ಎಂಟು ದಿನದ ಮಳೆಯ ಲೆಕ್ಕವನ್ನು ನಾನು ಕಳೆದುಬಿಟ್ಟೆ. ಮಳೆಮಾಪಕದ ತಪ್ಪಲ್ಲ. ದಿನಾ ಬೆಳಿಗ್ಗೆ ಕೊಡೆ ಹಿಡಿದು ಹೋಗಿ ಅಳತೆ ತೆಗೆದ ಒಂಬತ್ತನೇ ತರಗತಿಯ ಹುಡುಗಿಯದ್ದೂ ಅಲ್ಲ.

ನಮ್ಮ ಐಟಿ ಲ್ಯಾಬಿನಲ್ಲಿ ಒಂದು ಉಬುಂಟು ಲಿನಕ್ಸ್ ಸರ್ವರ್ ಇದೆ. ಮಕ್ಕಳು ತಮ್ಮ ತಮ್ಮ ಹೆಸರಿನಲ್ಲಿ ಅದಕ್ಕೆ ಲಾಗಿನ್ ಆಗ್ತಾರೆ. ಅಳತೆ ಬರೆದಿಡಲು ನಾನೊಂದು ಪೈಥಾನ್ ಪ್ರೋಗ್ರಾಂ ಮಾಡಿದ್ದೆ. ಅದು ಅಂಕಿಗಳನ್ನು ‘/ಟಿಎಂಪಿ’ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ‘ಮಳೆ’ ಎಂಬ ಫೈಲಿಗೆ ಸೇರಿಸುತ್ತಿತ್ತು. ಒಂಬತ್ತನೇ ದಿನ ಹುಡುಗಿ ಬರಲಿಲ್ಲ. ಬದಲಿಗೆ ಬಂದ ಹುಡುಗ ತನ್ನ ಹೆಸರಿನಲ್ಲಿ ಪ್ರೋಗ್ರಾಂ ಓಡಿಸಿದ. ‘ಪರ್ಮಿಷನ್ ಡಿನೈಡ್’ ಎಂದು ಬಂತು. ನಾನು ಗಡಿಬಿಡಿಯಲ್ಲಿ ಫೋಲ್ಡರಿಗೆ ‘ಸಿಎಚ್‌ಮಾಡ್ 777’ ಕೊಟ್ಟೆ, ಅಂದರೆ ಎಲ್ಲರಿಗೂ ಎಲ್ಲ ಅನುಮತಿ. ಆದರೂ ಅದೇ ಸಂದೇಶ! ಹುಡುಗ ಚುರುಕು. ಅಡ್ಡ ಬಂದ ಹಳೆ ಫೈಲನ್ನೇ ಅಳಿಸಹೊರಟ; ಅಳಿಸಲೇ ಎಂದು ಕೇಳಿದ್ದಕ್ಕೆ ಹೌದು ಅಂದ. ಮತ್ತೆ ಓಡಿಸಿದಾಗ ಕೆಲಸ ಆಯ್ತು. ಆದರೆ ಹೊಸ ಫೈಲಿನಲ್ಲಿದ್ದದ್ದು ಒಂದೇ ದಿನದ ಅಂಕಿ.

ಫೈಲಿಗೆ ಒಂದಕ್ಷರ ಸೇರಿಸಲೂ ಬಿಡದ ಸರ್ವರ್, ಇಡೀ ಫೈಲನ್ನು ಅಳಿಸಲು ಬಿಟ್ಟದ್ದು ಹೇಗೆ?

ಫೋಲ್ಡರ್ ಅಂದರೆ ಪೆಟ್ಟಿಗೆ ಅಂದುಕೊಂಡಿದ್ದೇವಲ್ಲ, ಅಲ್ಲೇ ಎಡವುವುದು. ಅದು ಹಾಜರಿ ಪುಸ್ತಕದ ಹಾಗೆ ಹೆಸರುಗಳ ಪಟ್ಟಿ. ಫೈಲಿನೊಳಗೆ ಬರೆಯಲು ಆ ಫೈಲಿನ ಅನುಮತಿ ಬೇಕು. ಫೈಲನ್ನು ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ಹೊಡೆಯುವುದು. ಅದಕ್ಕೆ ಬೇಕಾದದ್ದು ಫೋಲ್ಡರಿನ ಅನುಮತಿ. ಅದನ್ನು ನಾನೇ ಎಲ್ಲರಿಗೂ ಹಂಚಿದ್ದೆ.

ಅನುಮತಿಯ ಲೆಕ್ಕ ಸುಲಭ: ಓದಲು 4, ಬರೆಯಲು 2, ಫೋಲ್ಡರಿನ ಒಳಹೋಗಲು 1, ಒಟ್ಟು 7. ಮಾಲೀಕ, ಗುಂಪು, ಉಳಿದವರು ಎಂದು ಮೂರು ಸಲ ಬರೆದರೆ 777. ತಾತ್ಕಾಲಿಕ ಫೋಲ್ಡರಿಗೆ ಇರಬೇಕಾದದ್ದು ಮಾತ್ರ 1777. ಆ ಮುಂದಿನ 1 ಅನ್ನು ‘ಸ್ಟಿಕಿ ಬಿಟ್’ ಅನ್ನುತ್ತಾರೆ. (1970ರ ದಶಕದ ಯುನಿಕ್ಸ್‌ನಲ್ಲಿ ಮುಗಿದ ಪ್ರೋಗ್ರಾಂ ಸ್ವಾಪ್ ಜಾಗದಲ್ಲೇ ಅಂಟಿಕೊಂಡಿರಲಿ ಎಂದು ಹೇಳಲು ಇದು ಇತ್ತು. ಕೆಲಸ ಬದಲಾಯ್ತು, ಹೆಸರು ಉಳಿಯಿತು.) ಅದಿದ್ದರೆ ಯಾರು ಬೇಕಾದರೂ ಹೊಸ ಫೈಲು ಮಾಡಬಹುದು, ಆದರೆ ಅಳಿಸುವುದು ಅದರ ಒಡೆಯ, ಫೋಲ್ಡರಿನ ಒಡೆಯ ಅಥವಾ ರೂಟ್ ಮಾತ್ರ. ನಾನು 777 ಎಂದು ಒತ್ತಿದಾಗ ಆ 1 ಹಾರಿಹೋಗಿತ್ತು.

ಹಾಗಾದರೆ ಮೊದಲು ಏನು ನೋಡಬೇಕಿತ್ತು? ‘ಎಲ್‌ಎಸ್ -ಎಲ್‌ಡಿ /ಟಿಎಂಪಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಬರುವ ಅನುಮತಿ ಅಕ್ಷರಗಳ ಕೊನೆಯಲ್ಲಿ ‘ಟಿ’ ಇದ್ದು, ಒಡೆಯ ರೂಟ್ ಆಗಿದ್ದರೆ ಫೋಲ್ಡರ್ ಸರಿ ಇದೆ, ಅದನ್ನು ಮುಟ್ಟಬೇಡಿ. ‘ಟಿ’ ಬದಲು ‘ಎಕ್ಸ್’ ಇದ್ದರೆ ಅಡ್ಮಿನ್ ಆದವರು ‘ಸಿಎಚ್‌ಮಾಡ್ 1777’ ಕೊಡಬೇಕು. ಆಮೇಲೆ ಒಳಗಿನ ಫೈಲು ಯಾರ ಹೆಸರಿನಲ್ಲಿದೆ ನೋಡಿ. ನಮ್ಮ ನಿಜವಾದ ತೊಂದರೆ ಇದ್ದದ್ದು ಅಲ್ಲೇ: ಫೈಲು ಹುಡುಗಿಯದ್ದು, ಉಳಿದವರಿಗೆ ಓದಲು ಮಾತ್ರ ಅನುಮತಿ.

ಇಬ್ಬರು ಗೆಳೆಯರು ಕೂತು ಇದನ್ನು ಮಾಡಿ ನೋಡಬಹುದು. ಸರಿಯಾಗಿರುವ ಟೆಂಪ್ ಫೋಲ್ಡರಿನಲ್ಲಿ ಒಬ್ಬರು ಖಾಲಿ ಫೈಲು ಮಾಡಿ. ಇನ್ನೊಬ್ಬರು ಅದಕ್ಕೆ ಬರೆಯಲು ಹೋದರೆ ‘ಪರ್ಮಿಷನ್ ಡಿನೈಡ್’, ಅಳಿಸಲು ಹೋದರೆ ‘ಆಪರೇಷನ್ ನಾಟ್ ಪರ್ಮಿಟೆಡ್’. ಸಂದೇಶ ಎರಡು, ಕಾರಣವೂ ಎರಡು. ನಾನು ಎರಡನ್ನೂ ಒಂದೇ ಅಂತ ಓದುತ್ತಿದ್ದೆ.

ಈಗ ಪ್ರೋಗ್ರಾಂ ತಿದ್ದಿದ್ದೇನೆ. ತಾತ್ಕಾಲಿಕ ಫೈಲು ಬೇಕಾದಾಗ ಪೈಥಾನಿನ ‘ಟೆಂಪ್‌ಫೈಲ್’ ಪ್ರತಿ ಸಲ ಬೇರೆಯೇ ಹೆಸರು ಕೊಡುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಮಳೆಯ ಅಂಕಿ ಹೋಗುವುದು ವಿಜ್ಞಾನ ಕ್ಲಬ್ಬಿನ ಗುಂಪಿಗೆ ಮಾಡಿದ ಬೇರೆ ಫೋಲ್ಡರಿಗೆ. ಟೆಂಪ್ ಫೋಲ್ಡರಿನಲ್ಲಿ ಅದನ್ನು ಇಡಲೇಬಾರದಿತ್ತು. ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಿದ್ದರೂ ಹೋಗುತ್ತಿತ್ತು.

ಹುಡುಗಿಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಐದು ದಿನದ ಅಂಕಿ ಪೆನ್ಸಿಲಿನಲ್ಲಿ ಸಿಕ್ಕಿತು. ನಮ್ಮ ಚಾರ್ಟಿನಲ್ಲಿ ಉಳಿದ ಮೂರು ದಿನದ ಜಾಗ ಈಗಲೂ ಖಾಲಿ ಇದೆ.