ಮೂಗು ತೆರೆಯುವ ಪಟ್ಟಿ ಗಂಟಲು ತೆರೆಯುವುದಿಲ್ಲ

ಪ್ರಶ್ನೆ: ಡಾಕ್ಟರೇ, ಮಲಗಿದ ಕೂಡಲೇ ನನಗೆ ಮೂಗು ಕಟ್ಟುತ್ತದೆ, ಗೊರಕೆಯೂ ಇದೆ. ಆಟಗಾರರು ಮೂಗಿನ ಮೇಲೆ ಅಂಟಿಸಿಕೊಳ್ಳುವ ಪಟ್ಟಿ ಈಗ ಔಷಧದಂಗಡಿಯಲ್ಲೂ ಸಿಗುತ್ತಿದೆ. ಅದರಲ್ಲಿ ಯಾವ ಔಷಧ ಇರುತ್ತದೆ? ಬಳಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸಾಮಾನ್ಯ ಪಟ್ಟಿಯಲ್ಲಿ ಔಷಧವೇ ಇರುವುದಿಲ್ಲ. ಬಟ್ಟೆಯ ಪದರಗಳ ನಡುವೆ ಪ್ಲಾಸ್ಟಿಕ್ಕಿನ ಒಂದೆರಡು ತೆಳು ಕಡ್ಡಿಗಳಿರುತ್ತವೆ, ಅಷ್ಟೇ. ಬಗ್ಗಿಸಿದ ಬಿದಿರಿನ ಸೀಳು ನೆಟ್ಟಗಾಗಲು ಹವಣಿಸುವಂತೆ, ಮೂಗಿನ ಮೇಲೆ ಬಾಗಿಸಿ ಅಂಟಿಸಿದ ಈ ಕಡ್ಡಿಗಳೂ ನೆಟ್ಟಗಾಗಲು ನೋಡುತ್ತವೆ. ಆಗ ಮೂಗಿನ ಎರಡೂ ಪಕ್ಕಗಳು ತುಸು ಹೊರಕ್ಕೆ ಎಳೆಯಲ್ಪಡುತ್ತವೆ.

ಅಷ್ಟರಿಂದ ಏನಾದೀತು ಎನ್ನಬೇಡಿ. ಹೊಳ್ಳೆಯಿಂದ ಒಂದೂವರೆ ಸೆಂಟಿಮೀಟರ್‌ನಷ್ಟು ಒಳಗೆ, ನಡುಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವೆ ಬರೀ 10ರಿಂದ 15 ಡಿಗ್ರಿಯ ಸಂದು ಇದೆ. ಮೂಗಿನ ಅತಿ ಇಕ್ಕಟ್ಟಾದ ಜಾಗ ಅದು. ಜೋರಾಗಿ ಉಸಿರೆಳೆದಾಗ ಪಕ್ಕದ ಗೋಡೆ ಒಳಕ್ಕೆ ಕುಸಿದು ಅದು ಇನ್ನಷ್ಟು ಕಿರಿದಾಗುತ್ತದೆ. ನಳಿಕೆಯೊಂದರಲ್ಲಿ ಗಾಳಿ ನಯವಾಗಿ ಹರಿಯುವಾಗ ಅದರ ಅಗಲ ಅರ್ಧಕ್ಕಿಳಿದರೆ ತಡೆ 16 ಪಟ್ಟು ಏರುತ್ತದೆ. ಮೂಗಿನ ಲೆಕ್ಕ ಇಷ್ಟು ಸರಳವಲ್ಲ. ಆದರೂ ಇಕ್ಕಟ್ಟಿನ ಜಾಗದಲ್ಲಿ ಕೂದಲೆಳೆಯಷ್ಟು ಹಿಗ್ಗಿದರೂ ಉಸಿರು ಹಗುರಾಗುವುದು ಇದೇ ಕಾರಣಕ್ಕೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಎರಡೂ ಕೆನ್ನೆಗಳನ್ನು ಮೂಗಿನ ಪಕ್ಕದಲ್ಲಿ ಬೆರಳಿನಿಂದ ಒತ್ತಿ, ಕಿವಿಯ ಕಡೆಗೆ ಎಳೆದು ಉಸಿರಾಡಿ. ಸಲೀಸಾಯಿತೇ? ಹಾಗಿದ್ದರೆ ಪಟ್ಟಿಯಿಂದಲೂ ಉಪಯೋಗವಾಗಬಹುದು. ಇಲ್ಲವಾದರೆ ತೊಂದರೆ ಒಳಗೆ, ಅಲರ್ಜಿಯಲ್ಲೋ ಪಾಲಿಪ್‌ನಲ್ಲೋ ಇರಬಹುದು. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಮೂಗು ತೆರೆಯುವ ಹನಿಗಳನ್ನು ಮಾತ್ರ ವಾರಗಟ್ಟಲೆ ಹಾಕಿಕೊಳ್ಳಬೇಡಿ. ಮೂರರಿಂದ ಐದು ದಿನ ದಾಟಿದರೆ ಅವೇ ಮೂಗು ಕಟ್ಟಿಸುತ್ತವೆ.

ಪ್ರಶ್ನೆ: ನಾವು ಡಿಪ್ಲೊಮಾ ವಿದ್ಯಾರ್ಥಿಗಳು. ಪ್ರಾಜೆಕ್ಟಿಗೆ ಇಂಥ ಪಟ್ಟಿ ತಯಾರಿಸುತ್ತಿದ್ದೇವೆ. ಕಡ್ಡಿ ಗಡುಸಾದಷ್ಟೂ ಒಳ್ಳೆಯದಲ್ಲವೇ ಸರ್?
– ಹುಬ್ಬಳ್ಳಿ

ಉತ್ತರ: ಅಲ್ಲ. ಈ ಬಗೆಯ ಪಟ್ಟಿಗೆ ಅಮೆರಿಕದಲ್ಲಿ 1993ರಲ್ಲಿ ಅನುಮತಿ ಸಿಕ್ಕಿತು. ಅಲ್ಲಿಂದ ಈಚಿನ ವಿನ್ಯಾಸಗಳಲ್ಲೆಲ್ಲ ಹೆಣಗಾಟ ನಡೆದಿರುವುದು ಕಡ್ಡಿಗಿಂತ ಹೆಚ್ಚಾಗಿ ಅಂಟಿನ ಜೊತೆ. ಸುಮಾರು 15ರಿಂದ 35 ಗ್ರಾಂನಷ್ಟು ಸೆಳೆತ ಸಾಕು. ಅದಕ್ಕಿಂತ ಕಡಿಮೆಯಾದರೆ ಮೂಗು ಹಿಗ್ಗುವುದಿಲ್ಲ, ಹೆಚ್ಚಾದರೆ ಚರ್ಮ ನೋಯುತ್ತದೆ ಅಥವಾ ತುದಿ ಮೇಲೇಳುತ್ತದೆ. ಅಂಟು ಸೋಲುವುದು ಸದಾ ತುದಿಯಲ್ಲೇ, ಸಿಪ್ಪೆ ಸುಲಿದಂತೆ. ಆದ್ದರಿಂದ ಕಡ್ಡಿಯ ತುದಿಯನ್ನು ಪಟ್ಟಿಯ ಅಂಚಿನವರೆಗೆ ತರಬೇಡಿ, ಬಟ್ಟೆ ಅದರಾಚೆಗೂ ಚಾಚಿರಲಿ. ತುದಿಯ ಬಳಿ ಸಣ್ಣ ಕತ್ತರಿ ಗುರುತು ಕೊಟ್ಟರೆ ಸುಲಿಯುವ ಬಲ ಚರ್ಮದುದ್ದಕ್ಕೂ ಜಾರುವ ಬಲವಾಗಿ ಹಂಚಿಹೋಗುತ್ತದೆ. ಅಂಟು ಅದನ್ನು ಚೆನ್ನಾಗಿ ತಾಳುತ್ತದೆ. ಕರಾವಳಿಯ ಸೆಕೆಯಲ್ಲಿ, ಬೆವರು-ಜಿಡ್ಡಿನ ಮೂಗಿನ ಮೇಲೆ ರಾತ್ರಿಯಿಡೀ ನಿಲ್ಲುತ್ತದೆಯೇ ನೋಡಿ. ಬೆಳಿಗ್ಗೆ ಬೆಚ್ಚಗಿನ ನೀರು ಹಚ್ಚಿದರೆ ಚರ್ಮ ಕೀಳದೆ ಬರಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸುವುದೇ ನಿಮ್ಮ ನಿಜವಾದ ಪ್ರಾಜೆಕ್ಟು. ಗೆಳೆಯರ ಮೂಗಿನ ಮೇಲೆ ಪ್ರಯೋಗಿಸುವ ಮುನ್ನ ಚರ್ಮಕ್ಕೆಂದೇ ತಯಾರಾದ ವೈದ್ಯಕೀಯ ಅಂಟನ್ನೇ ತನ್ನಿ, ಬೇರೆಯದು ಬೇಡ.

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ, ಲಾರಿ ಓಡಿಸುತ್ತಾರೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರೇ ನಿಂತು, ಆಮೇಲೆ ಬೆಚ್ಚಿಬಿದ್ದು ಉಸಿರೆಳೆದುಕೊಳ್ಳುತ್ತಾರೆ. ಹಗಲೆಲ್ಲ ತೂಕಡಿಕೆ. ಪಟ್ಟಿ ಹಾಕಿದ ಮೇಲೆ ಸದ್ದು ಸ್ವಲ್ಪ ತಗ್ಗಿದೆ. ಇಷ್ಟು ಸಾಕೇ?
– ಗೃಹಿಣಿ, ಹಾಸನ

ಉತ್ತರ: ಸಾಲದು, ತಾಯಿ. ಸದ್ದು ತಗ್ಗಿತೆಂದು ದಯವಿಟ್ಟು ಸಮಾಧಾನಪಡಬೇಡಿ. ನೀವು ಹೇಳಿದ ಲಕ್ಷಣ ಸ್ಲೀಪ್ ಆಪ್ನಿಯಾದ್ದು. ಗೊರಕೆಯ ಸದ್ದು ಬಹುಮಟ್ಟಿಗೆ ಹುಟ್ಟುವುದು ಗಂಟಲಲ್ಲಿ. ನಿದ್ದೆಯಲ್ಲಿ ಅಂಗುಳಿನ ಮೆತ್ತನೆಯ ಹಿಂಭಾಗ, ಕಿರುನಾಲಿಗೆ, ನಾಲಿಗೆಯ ಬುಡ ಸಡಿಲವಾಗಿ ಅದುರುತ್ತವೆ. ಅವು ದಾರಿಯನ್ನು ಪೂರ್ತಿ ಮುಚ್ಚಿ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಗಾಳಿ ನಿಂತರೆ ಅದೇ ಆಪ್ನಿಯಾ. ಮೂಗಿನ ಪಟ್ಟಿ ಅಲ್ಲಿಗೆ ತಲುಪುವುದೇ ಇಲ್ಲ. ಆಪ್ನಿಯಾ ಚಿಕಿತ್ಸೆಯ ಸಂಶೋಧನೆಗಳಲ್ಲಿ ಹೋಲಿಕೆಗಾಗಿ ಕೊಡುವ ಹುಸಿ ಚಿಕಿತ್ಸೆಯಾಗಿಯೂ ಇದೇ ಪಟ್ಟಿಯನ್ನು ಬಳಸಿದ್ದಾರೆ!

ಈ ರೋಗ ಬಿಪಿ ಏರಿಸುತ್ತದೆ, ಹೃದಯಕ್ಕೂ ಮಿದುಳಿಗೂ ಅಪಾಯ ತರುತ್ತದೆ. ಸ್ಟೇರಿಂಗ್ ಹಿಡಿದಾಗ ಬರುವ ತೂಕಡಿಕೆ ಅವರನ್ನಷ್ಟೇ ಅಲ್ಲ, ಎದುರಿಗೆ ಬರುವವರನ್ನೂ ಬಲಿ ತೆಗೆದುಕೊಳ್ಳಬಲ್ಲದು. ಮಲಗಿದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ, ನಿದ್ರಾ ಪರೀಕ್ಷೆ ಮಾಡಿಸಿ. ಒತ್ತಡದ ಗಾಳಿಯಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ 1981ರಿಂದ ಬಳಕೆಯಲ್ಲಿದೆ, ಚೆನ್ನಾಗಿ ಗುಣ ಕೊಡುತ್ತದೆ. ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು ಅದರ ಜೊತೆಗೇ ಆಗಬೇಕು. ಪರೀಕ್ಷೆ ಮುಗಿದು ಚಿಕಿತ್ಸೆ ಶುರುವಾಗುವವರೆಗೆ ಅವರನ್ನು ಲಾರಿ ಓಡಿಸಲು ಬಿಡಬೇಡಿ.